ನೋಟಿಸ್ ಬಂದ ಹೋಟೆಲ್: ಹನ್ನೊಂದು ತಪ್ಪು ಬರೆದಿದ್ದಾರೆ, ನಿಜವಾಗಿ ಹೊಟ್ಟೆ ಕೆಡಿಸೋದು ಯಾವುದು?

ಮೂರನೇ_ಟೇಬಲ್
ಮೈಸೂರಿನ ನಮ್ಮ ಆ ಹಳೇ ಹೋಟೆಲ್‌ಗೆ ಆಹಾರ ಸುರಕ್ಷತಾ ಇಲಾಖೆಯಿಂದ ಸುಧಾರಣಾ ನೋಟಿಸ್ ಬಂದಿದೆ. (ಹೆಸರು ಬೇಡ. ಗೊತ್ತಿರೋರಿಗೆ ಗೊತ್ತು, ನೀವೂ ಬರೀಬೇಡಿ.) ವಾಟ್ಸಾಪಲ್ಲಿ ಆಗಲೇ ಎರಡು ಪಾರ್ಟಿ. ಒಂದು "ಲಂಚ ಕೊಟ್ಟಿಲ್ಲ, ಅದಕ್ಕೇ" ಅಂತಿದೆ, ಇನ್ನೊಂದು "ಇನ್ಮೇಲೆ ಆ ಕಡೆ ತಲೆ ಹಾಕಲ್ಲ" ಅಂತಿದೆ. ನೋಟಿಸಿನ ಪ್ರತಿ ಗಲ್ಲಾದ ಹತ್ರಾನೇ ಇಟ್ಟಿದ್ದಾರೆ, ಯಾರು ಬೇಕಾದ್ರೂ ಓದಬಹುದು. ಅದರಲ್ಲಿ ಇರೋದು:

ಚಮಚ ಇಡೋ ನೀರು ಉಗುರುಬೆಚ್ಚಗಿದೆ. ಆಲೂಗಡ್ಡೆ ಪಲ್ಯ ರಾತ್ರಿಯೇ ಮಾಡಿ ಹೊರಗಿಟ್ಟಿದ್ದಾರೆ. ಹಳೇ ಚಟ್ನಿ ಮೇಲೆ ಹೊಸದು ಸುರೀತಾರೆ. ಸಂಪಿನ ಬಾಯಿ ಪಾತ್ರೆ ತೊಳೆಯೋ ಜಾಗದಲ್ಲೇ ಇದೆ. ನೀರಿನ ಪರೀಕ್ಷಾ ವರದಿ ಇಲ್ಲ. ಕೆಲಸದವರ ಮೆಡಿಕಲ್ ಸರ್ಟಿಫಿಕೇಟ್ ಇಲ್ಲ. ದೋಸೆ ಕಲ್ಲಿಗೆ ಪೊರಕೆ. ಕರಿದ ಎಣ್ಣೆ ಮತ್ತೆ ಮತ್ತೆ ಬಳಕೆ. ಗೋಡೆ ಬಣ್ಣ ಕಿತ್ತಿದೆ. ಕಸದ ಡಬ್ಬಿಗೆ ಮುಚ್ಚಳ ಇಲ್ಲ. ನೇರಳೆ ಬೋರ್ಡ್ ಹಾಕಿಲ್ಲ.

ವಿಷಯ ಗೊತ್ತಿರೋರು ಹೇಳಿ. ಇದರಲ್ಲಿ ಕಾಗದದ ತಪ್ಪು ಯಾವುದು, ಕಾಯಿಲೆ ತರೋದು ಯಾವುದು?

ಸ್ಟೀಲ್‌ಲೋಟ
ಅರವತ್ತು ವರ್ಷದಿಂದ ಜನ ತಿಂತಿದಾರೆ, ಯಾರಿಗೂ ಏನೂ ಆಗಿಲ್ಲ. ಪೊರಕೆ ತೆಗೆದ್ರೆ ದೋಸೆ ರುಚಿ ಹೋಗುತ್ತೆ ಗುರು.

ಥರ್ಮಾಮೀಟರ್_ಭಟ್ಟ
"ಯಾರಿಗೂ ಏನೂ ಆಗಿಲ್ಲ" ಅಂತ ಹೇಳೋಕೆ ಲೆಕ್ಕ ಇಟ್ಟೋರು ಯಾರು ಸ್ವಾಮಿ? ವಾಂತಿ ಆದ್ರೆ ಜನ ರಾತ್ರಿ ತಿಂದ ಊಟಾನ ಬಯ್ತಾರೆ, ಬೆಳಗ್ಗೆ ತಿಂದ ದೋಸೆಯನ್ನಲ್ಲ.

ಪ್ರಶ್ನೆಗೆ ಬರ್ತೀನಿ. ನನ್ನ ಪಟ್ಟಿಯಲ್ಲಿ ಮೊದಲನೇದು ಪಲ್ಯ, ಎರಡನೇದು ಚಟ್ನಿ, ಮೂರನೇದು ಸಂಪು. ಫೋಟೋದಲ್ಲಿ ಈ ಮೂರೂ ಗಲೀಜಾಗಿ ಕಾಣಲ್ಲ. ಬಣ್ಣ ಕಿತ್ತ ಗೋಡೆ ಕಾಣುತ್ತೆ, ವೈರಲ್ ಆಗುತ್ತೆ, ಆದರೆ ಪಲ್ಯಕ್ಕೆ ಉದುರದೇ ಇದ್ರೆ ಗೋಡೆಯಿಂದ ಯಾರ ಹೊಟ್ಟೆಯೂ ಕೆಡಲ್ಲ.

ಪಲ್ಯದ ಕತೆ ಹೀಗೆ. ಬೇಯಿಸಿದಾಗ ಸಾಮಾನ್ಯ ಬ್ಯಾಕ್ಟೀರಿಯಾ ಸಾಯುತ್ತೆ. ಆದರೆ ಮಣ್ಣಿಂದ ಬರೋ ಬ್ಯಾಸಿಲಸ್ ಸೀರಿಯಸ್‌ನ ಬೀಜಕಣ ಕುದಿಯೋ ನೀರಲ್ಲೂ ಬದುಕಿರುತ್ತೆ. ಆಲೂಗಡ್ಡೆ, ಅನ್ನ, ಎರಡರಲ್ಲೂ ಇದೇ ಕಾಟ. ರಾತ್ರಿ ಹತ್ತಕ್ಕೆ ಬೇಯಿಸಿ ದೊಡ್ಡ ಡಬರಿಯಲ್ಲಿ ಮುಚ್ಚಿಟ್ರೆ ಮಧ್ಯಭಾಗ ಬೆಳಗಿನ ಜಾವದವರೆಗೂ ಬೆಚ್ಚಗೇ ಇರುತ್ತೆ. 5ರಿಂದ 60 ಡಿಗ್ರಿ ನಡುವೆ ಎಷ್ಟು ಹೊತ್ತು ಇರುತ್ತೋ ಅಷ್ಟು ಹೊತ್ತೂ ಅವಕ್ಕೆ ಹಬ್ಬ. ಕೆಲವು ತಳಿ ಬಿಡೋ ವಿಷ ಮತ್ತೆ ಕುದಿಸಿದ್ರೂ ಹೋಗಲ್ಲ. "ಬೆಳಗ್ಗೆ ಚೆನ್ನಾಗಿ ಬಿಸಿ ಮಾಡ್ತೀವಿ" ಅನ್ನೋ ಉತ್ತರ ಅದಕ್ಕೇ ನಡೆಯಲ್ಲ.

ಉಪ್ಪಿಟ್ಟು_ವಿರೋಧಿ
ಹಾಗಾದ್ರೆ ಬೆಳಗ್ಗೆ ಆರಕ್ಕೆ ಬಾಗಿಲು ತೆಗೆಯೋ ಹೋಟೆಲ್ ಏನು ಮಾಡಬೇಕು? ಮೂರಕ್ಕೆ ಎದ್ದು ನಲವತ್ತು ಕೆಜಿ ಆಲೂಗಡ್ಡೆ ಸುಲೀಬೇಕಾ?

ಥರ್ಮಾಮೀಟರ್_ಭಟ್ಟ
ಎರಡು ದಾರಿ ಇದೆ. ರಾತ್ರಿ ಬರೀ ತೊಳೆದು ಇಟ್ಟು, ನಾಲ್ಕೂವರೆಗೆ ಕುಕ್ಕರಿಗೆ ಹಾಕೋದು. ಸಿಪ್ಪೆ ಬೆಂದ ಮೇಲೆ ಸುಲಿದ್ರಾಯ್ತು. ಇಲ್ಲಾ, ರಾತ್ರಿಯೇ ಬೇಯಿಸಿ ಸರಿಯಾಗಿ ಆರಿಸೋದು: ಎರಡು ಇಂಚಿಗಿಂತ ದಪ್ಪ ಆಗದ ಹಾಗೆ ಅಗಲ ಟ್ರೇಗಳಲ್ಲಿ ಹರಡಿ, ಮೊದಲ ಎರಡು ಗಂಟೆಯಲ್ಲಿ 60ರಿಂದ 21 ಡಿಗ್ರಿಗೆ, ಮುಂದಿನ ಎರಡು ಗಂಟೆಯಲ್ಲಿ 5 ಡಿಗ್ರಿಗೆ ಇಳಿಸಬೇಕು. ಡಬರಿ ಸಮೇತ ಫ್ರಿಜ್ಜಿಗೆ ತುರುಕಿದ್ರೆ ಪಲ್ಯ ತಣ್ಣಗಾಗಲ್ಲ, ಪಕ್ಕದಲ್ಲಿರೋ ಹಾಲು ಮೊಸರೂ ಬೆಚ್ಚಗಾಗುತ್ತೆ. ಬೆಳಗ್ಗೆ ಬಿಸಿ ಮಾಡುವಾಗ ನಡುಭಾಗ 75 ಡಿಗ್ರಿ ಮುಟ್ಟಿ ಎರಡು ನಿಮಿಷ ಇರಬೇಕು. ಒಗ್ಗರಣೆಯಲ್ಲಿ ಒಂದು ಸುತ್ತು ಕೈಯಾಡಿಸಿದ್ರೆ ಅಷ್ಟು ಬರಲ್ಲ.

ಗಿರ್ಮಿಟ್
ಅಲ್ರೀ, ಚಟ್ನಿ ಬಗ್ಗೆ ಹೇಳ್ರಿ ಮೊದ್ಲ. ದೋಸಿ ಹಿಟ್ಟು ರಾತ್ರಿಪೂರ್ತಿ ಹೊರಗ ಇರ್ತೈತಿ, ಅದಕ್ಕ ಏನೂ ಅನ್ನಂಗಿಲ್ಲ. ಚಟ್ನಿ ಎರಡು ತಾಸು ಇಟ್ರ ತಪ್ಪಂತ. ಇದೆಂಥಾ ನ್ಯಾಯ?

ಥರ್ಮಾಮೀಟರ್_ಭಟ್ಟ
ಒಳ್ಳೇ ಪ್ರಶ್ನೆ. ಹಿಟ್ಟು ಹುಳಿ ಬರುತ್ತೆ, ಪಿಎಚ್ (ಹುಳಿಯ ಅಳತೆ, ಕಮ್ಮಿಯಾದಷ್ಟೂ ಹುಳಿ ಜಾಸ್ತಿ) 4.5ರ ಆಸುಪಾಸಿಗೆ ಇಳಿಯುತ್ತೆ, ಆ ಹುಳಿಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯೋದು ಕಷ್ಟ. ಮೇಲಾಗಿ ಅದು ಕಾದ ಕಲ್ಲಿಗೆ ಹೋಗುತ್ತೆ. ತೆಂಗಿನಕಾಯಿ ಚಟ್ನಿ ಪಿಎಚ್ 6ರ ಹತ್ರ, ನೀರು ಜಾಸ್ತಿ, ಕೊಬ್ಬು ಪ್ರೋಟೀನ್ ಎಲ್ಲಾ ಇದೆ, ಬೇಯಿಸೋದೇ ಇಲ್ಲ. ಮೇಲಿನ ಒಗ್ಗರಣೆ ಬರೀ ಪದರಕ್ಕೆ ತಾಗುತ್ತೆ.

ಕಾಯಿತುರಿ
ಇದಕ್ಕೆ ಒಂದು ಸೇರಿಸ್ತೀನಿ. ತಪ್ಪು ಆಗೋದು ರುಬ್ಬೋವಾಗಲ್ಲ, ಬಡಿಸೋ ಕಡೆ. ಕೌಂಟರಿನ ಸ್ಟೀಲ್ ಪಾತ್ರೆ ಅರ್ಧ ಖಾಲಿಯಾದಾಗ ಹೊಸ ಚಟ್ನಿ ಅದಕ್ಕೇ ಸುರೀತಾರೆ. ಅದು ಹಾಲಿಗೆ ಹೆಪ್ಪು ಹಾಕಿದ ಹಾಗೇ. ಬೆಳಗ್ಗೆ ಆರರ ಚಟ್ನಿಯ ಅಂಶ ಮಧ್ಯಾಹ್ನ ಹನ್ನೆರಡರ ಚಟ್ನಿಯಲ್ಲೂ ಇರುತ್ತೆ. ಪರಿಹಾರಕ್ಕೆ ಕಾಸೇನೂ ಖರ್ಚಿಲ್ಲ: ಐದು ಲೀಟರಿನ ಒಂದು ಪಾತ್ರೆ ಬದಲು ಎರಡು ಲೀಟರಿನ ಮೂರು. ಒಂದು ಕೌಂಟರಲ್ಲಿ, ಒಂದು ಫ್ರಿಜ್ಜಲ್ಲಿ, ಒಂದು ತೊಳೆಯೋಕೆ. ಖಾಲಿಯಾದ್ರೆ ಪಾತ್ರೆಯನ್ನೇ ಬದಲಾಯಿಸೋದು, ಸೌಟು ಸಮೇತ. ಎರಡು ಗಂಟೆ ದಾಟಿದ್ದು ಉಳಿದ್ರೆ ಚೆಲ್ಲೋದು.

ಮಿಕ್ಸಿ, ಗ್ರೈಂಡರ್ ಬಗ್ಗೆ ನೋಟಿಸಲ್ಲಿ ಇಲ್ಲ, ಆದರೆ ನೋಡಬೇಕಾದ್ದು ಅದು. ಜಾರಿನ ಬ್ಲೇಡ್ ಕೆಳಗಿನ ರಬ್ಬರ್ ವಾಷರ್ ಬಿಚ್ಚಿ ನೋಡಿ. ಕಪ್ಪು ಲೋಳೆ ಕೂತಿದ್ರೆ ಹೊಸ ಕಾಯಿ ಹಾಕಿದ್ರೂ ಮೊದಲ ತಿರುವಿನಲ್ಲೇ ಕೆಡುತ್ತೆ.

ಸ್ಟೀಲ್‌ಲೋಟ
ಚಟ್ನಿ ಚೆಲ್ಲಿ ಅಂತ ಸುಲಭವಾಗಿ ಹೇಳ್ತೀರ. ಕಾಯಿ ರೇಟ್ ನೋಡಿದೀರಾ?

ಕಾಯಿತುರಿ
ನೋಡಿದೀನಿ, ಅದಕ್ಕೇ ಸಣ್ಣ ಪಾತ್ರೆ ಅಂದಿದ್ದು. ಸ್ವಲ್ಪ ಸ್ವಲ್ಪ ರುಬ್ಬಿದ್ರೆ ಚೆಲ್ಲೋದೂ ಸ್ವಲ್ಪವೇ.

ಗೋಳಿಬಜೆ
ಚಮಚದ ನೀರಿನ ವಿಷಯ ಹೇಳಿ ಮಾರಾಯ್ರೆ. ನಮ್ಮ ಜನಕ್ಕೆ ಅದೇ ಸ್ವಚ್ಛತೆಯ ಗುರುತು. ಬಿಸಿನೀರಲ್ಲಿ ಚಮಚ ಮುಳುಗಿದ್ರೆ "ಹೋಟೆಲ್ ಕ್ಲೀನ್ ಉಂಟು" ಅಂತಾರೆ.

ಥರ್ಮಾಮೀಟರ್_ಭಟ್ಟ
ಬೆಳಗ್ಗೆ ಆರಕ್ಕೆ ಆ ನೀರು ಕುದೀತಾ ಇರುತ್ತೆ. ಏಳೂವರೆಗೆ 45 ಡಿಗ್ರಿ. ಅಷ್ಟರಲ್ಲಿ ನೂರು ಕೈ ಅದರೊಳಗೆ ಹೋಗಿ ಬಂದಿರುತ್ತೆ, ಸಾಂಬಾರ್ ಅಂಟಿದ ಚಮಚ ನಾಲ್ಕು ಮತ್ತೆ ಅದರಲ್ಲೇ ಬಿದ್ದಿರುತ್ತೆ. ಪಾತ್ರೆ ಬಗ್ಗಿಸಿ ನೋಡಿ: ಮೇಲೆ ಎಣ್ಣೆ ಕಣ್ಣು, ತಳದಲ್ಲಿ ಅನ್ನದ ಅಗುಳು, ನೀರು ಗಂಜಿ ಬಣ್ಣ. ಬಿಸಿನೀರು ಕ್ರಿಮಿ ಕೊಲ್ಲಬೇಕಾದ್ರೆ 77 ಡಿಗ್ರಿಗಿಂತ ಮೇಲಿರಬೇಕು, ಚಮಚ ಅದರಲ್ಲಿ ಅರ್ಧ ನಿಮಿಷ ಇರಬೇಕು. ಆ ಬಿಸಿಗೆ ಯಾರೂ ಬೆರಳು ಹಾಕೋಕಾಗಲ್ಲ. ಅಂದ್ರೆ ಗಿರಾಕಿ ಆರಾಮಾಗಿ ಕೈ ಹಾಕಿ ಚಮಚ ತೆಗೆಯೋಷ್ಟು ಬೆಚ್ಚಗಿದ್ರೆ ಆ ನೀರು ಕೆಲಸ ಮಾಡ್ತಿಲ್ಲ ಅಂತ ಅರ್ಥ.

ಒಣಗಿಸಿ, ಹಿಡಿ ಮೇಲೆ ಬರೋ ಹಾಗೆ ಡಬ್ಬಿಯಲ್ಲಿ ನಿಲ್ಲಿಸಿಟ್ರೆ ಸಾಕು. ನೋಡೋಕೆ "ಶೋ" ಇರಲ್ಲ ಅಷ್ಟೇ.

ಮಲ್ಲಿಗೆ_ಇಡ್ಲಿ
ಒಣ ಚಮಚ ಇಟ್ರೆ ಗಿರಾಕಿಗಳೇ ಬಿಸಿನೀರು ಕೇಳ್ತಾರೆ. ಇದು ಹೋಟೆಲಿನವರ ತಪ್ಪಲ್ಲ, ನಮ್ಮ ನಂಬಿಕೆ.

ಬ್ಲೀಚು_ಬಕೆಟ್ಟು
ಪಾತ್ರೆ ತೊಳೆಯೋಕೆ ಮೂರು ತೊಟ್ಟಿ ಬೇಕು. ಮೊದಲನೇದ್ರಲ್ಲಿ ಸೋಪು, ಎರಡನೇದ್ರಲ್ಲಿ ಬರೀ ನೀರು, ಮೂರನೇದ್ರಲ್ಲಿ ಕ್ಲೋರಿನ್. ಹತ್ತು ಲೀಟರ್ ನೀರಿಗೆ 250 ಮಿಲಿ ಹೈಪೋಕ್ಲೋರೈಟ್ ಹಾಕಿ ಮುಳುಗಿಸಿ.

ಶೆಡ್ಯೂಲ್_ನಾಲ್ಕು
ತಪ್ಪು ಲೆಕ್ಕ, ದಯವಿಟ್ಟು ಯಾರೂ ಹಾಗೆ ಹಾಕಬೇಡಿ. ಆ ಹೈಪೋಕ್ಲೋರೈಟ್ 4% ದ್ರಾವಣ ಆಗಿದ್ರೆ ಲೀಟರಿಗೆ 40,000 ಮಿಲಿಗ್ರಾಂ. ಹತ್ತು ಲೀಟರಿಗೆ 250 ಮಿಲಿ ಹಾಕಿದ್ರೆ 1000 ಪಿಪಿಎಂ (ಅಂದ್ರೆ ಲೀಟರಿಗೆ ಅಷ್ಟು ಮಿಲಿಗ್ರಾಂ) ಹತ್ರ ಹೋಗುತ್ತೆ, ತಟ್ಟೆಯಿಂದ ಈಜುಕೊಳದ ವಾಸನೆ ಬರುತ್ತೆ. ಬೇಕಾಗಿರೋದು 100 ಪಿಪಿಎಂ, ಅಂದ್ರೆ ಹತ್ತು ಲೀಟರಿಗೆ 25 ಮಿಲಿ. ಕೊತ್ತಂಬರಿ, ಕರಿಬೇವು ತೊಳೆಯೋಕೆ 50 ಪಿಪಿಎಂ ಸಾಕು, 12 ಮಿಲಿ, ಆಮೇಲೆ ಒಳ್ಳೇ ನೀರಲ್ಲಿ ಜಾಲಿಸಬೇಕು. ಸೋಪು, ಎಂಜಲು ಉಳಿದಿದ್ರೆ ಕ್ಲೋರಿನ್ ಅದರ ಮೇಲೇ ಖರ್ಚಾಗಿ ಹೋಗುತ್ತೆ. ಅದಕ್ಕೇ ಮಧ್ಯದ ತೊಟ್ಟಿ ಬೇಕೇ ಬೇಕು.

ಬ್ಲೀಚು_ಬಕೆಟ್ಟು
ಸೊನ್ನೆ ಜಾಸ್ತಿ ಬಿತ್ತು, 25 ಸರಿ. ಥ್ಯಾಂಕ್ಸ್.

ಶೆಡ್ಯೂಲ್_ನಾಲ್ಕು
ಕಾನೂನಿನ ಭಾಗ ಯಾರೂ ಮುಟ್ಟಿಲ್ಲ. ಇದು 2006ರ ಆಹಾರ ಸುರಕ್ಷತೆ ಕಾಯ್ದೆಯ 32ನೇ ಸೆಕ್ಷನ್ ನೋಟಿಸ್. ಸರಿಪಡಿಸೋಕೆ ಕನಿಷ್ಠ 14 ದಿನ ಕೊಡಲೇಬೇಕು. ನೋಟಿಸ್ ಕೊಡೋದು ಇಲಾಖೆಯ ಅಂಕಿತಾಧಿಕಾರಿ (ಡೆಸಿಗ್ನೇಟೆಡ್ ಆಫೀಸರ್). ಸ್ಥಳಕ್ಕೆ ಬಂದು ನೋಡೋದು ಆಹಾರ ಸುರಕ್ಷತಾ ಅಧಿಕಾರಿ. ಪಾಲಿಕೆಯ ಹೆಲ್ತ್ ಇನ್ಸ್‌ಪೆಕ್ಟರ್ ಬೇರೆ, ಅವರು ಟ್ರೇಡ್ ಲೈಸೆನ್ಸ್, ಕಸ, ಚರಂಡಿ ನೋಡ್ತಾರೆ. ಜನ ಇಬ್ಬರನ್ನೂ ಒಂದೇ ಅಂದ್ಕೊಂಡು ದೂರನ್ನ ತಪ್ಪು ಕಚೇರಿಗೆ ಕೊಡ್ತಾರೆ.

ಸುಧಾರಣಾ ನೋಟಿಸ್ ಅಂದ್ರೆ ದಂಡ ಅಲ್ಲ, ಬೀಗವೂ ಅಲ್ಲ. ನೋಟಿಸ್ ಒಪ್ಪದಿದ್ರೆ 15 ದಿನದೊಳಗೆ ಆಹಾರ ಸುರಕ್ಷತಾ ಆಯುಕ್ತರಿಗೆ ಮೇಲ್ಮನವಿ ಹಾಕಬಹುದು, ನೋಟಿಸಲ್ಲಿ ಕೊಟ್ಟ ಗಡುವು ಅದಕ್ಕಿಂತ ಮುಂಚೆ ಮುಗಿದ್ರೆ ಅಷ್ಟರೊಳಗೆ. ಸುಮ್ಮನೆ ಕೂತ್ರೆ ಲೈಸೆನ್ಸ್ ಅಮಾನತು, ಆಮೇಲೆ ರದ್ದು. ಕೂಡಲೇ ಮುಚ್ಚಿಸೋ ತುರ್ತು ನಿಷೇಧ 34ನೇ ಸೆಕ್ಷನ್, ಅದು ಬೇರೆ ದಾರಿ. ಗಲೀಜಿಗೆ ದಂಡ 56ನೇ ಸೆಕ್ಷನ್, ಒಂದು ಲಕ್ಷದವರೆಗೆ.

ಉಪ್ಪಿಟ್ಟು_ವಿರೋಧಿ
ಮಾರ್ಕ್ಸ್ ಕೊಡ್ತಾರಂತಲ್ಲ, ಅದೇನು?

ಶೆಡ್ಯೂಲ್_ನಾಲ್ಕು
ಹೋಟೆಲ್, ಕೇಟರಿಂಗಿನ ತಪಾಸಣಾ ಪಟ್ಟಿ ಒಟ್ಟು 114 ಅಂಕದ್ದು. ಕೆಲವು ಅಂಶಕ್ಕೆ ನಕ್ಷತ್ರ ಚಿಹ್ನೆ ಇದೆ: ಕುಡಿಯೋ ನೀರಿನ ಗುಣಮಟ್ಟ, ಬೇಯಿಸೋ ಉಷ್ಣಾಂಶ ಇಂಥವು. ಅವಕ್ಕೆ ಅಂಕ ಜಾಸ್ತಿ. ಅವುಗಳಲ್ಲಿ ಒಂದು ಎಡವಿದ್ರೂ ಒಟ್ಟು ಅಂಕ ಎಷ್ಟೇ ಬಂದಿರಲಿ, ಪಾಸಲ್ಲ. ಗೋಡೆಗೆ ಬಣ್ಣ ಹೊಡೆದು ಅಂಕ ಹೊಂದಿಸ್ಕೊಳ್ಳೋಕೆ ಬರಲ್ಲ.

ಸಂಪು_ಮುಚ್ಚಳ
ನೀರು ನಕ್ಷತ್ರದ ಪಟ್ಟಿಯಲ್ಲಿ ಇರೋದು ಸುಮ್ಮನೆ ಅಲ್ಲ. ಸಂಪಿನ ಬಾಯಿ ನೆಲದ ಮಟ್ಟಕ್ಕೇ ಇದ್ದು, ಅದರ ಪಕ್ಕ ಕೂತು ಪಾತ್ರೆ ತೊಳೆದ್ರೆ, ಎಂಜಲು ನೀರು ಮುಚ್ಚಳದ ಸಂದಿಯಿಂದ ಒಳಗಿಳಿಯುತ್ತೆ. ಕಬ್ಬಿಣದ ಮುಚ್ಚಳ ತುಕ್ಕು ಹಿಡಿದು ಅಂಚು ತಿಂದಿದ್ರೆ ಮುಗೀತು. ಅದೇ ನೀರು ಓವರ್‌ಹೆಡ್ ಟ್ಯಾಂಕಿಗೆ, ಅಲ್ಲಿಂದ ಚಟ್ನಿಗೆ.

ಮಾಡಬೇಕಾದ್ದು: ಬಾಯಿ ಸುತ್ತ ಕನಿಷ್ಠ ಆರು ಇಂಚು ಇಟ್ಟಿಗೆ ಕಟ್ಟೆ ಎತ್ತಿಸಿ, ಒಳಗೂ ಹೊರಗೂ ಗಾರೆ ಮಾಡಿಸಿ, ಅಂಚು ಹೊರಗೆ ಮಡಚಿ ಕೂರೋ ಮುಚ್ಚಳ ಹಾಕಿಸಬೇಕು. ಪಾತ್ರೆ ತೊಳೆಯೋ ಜಾಗದ ಇಳಿಜಾರು ಮೋರಿ ಕಡೆಗೆ ತಿರುಗಿಸಬೇಕು. ಆಮೇಲೆ ಸಂಪು ಖಾಲಿ ಮಾಡಿ, ತಳದ ಕೆಸರು ತೆಗೆದು, ಬ್ರಷ್ ಹಾಕಿ ಉಜ್ಜಿ, ಕ್ಲೋರಿನ್ ನೀರು ತುಂಬಿಸಿ ಬಿಟ್ಟು, ಹೊರಗೆ ಹರಿಸಬೇಕು. ಒಳಗೆ ಇಳಿಯೋ ಮುಂಚೆ ಮುಚ್ಚಳ ತೆಗೆದು ಗಾಳಿ ಆಡೋಕೆ ಬಿಡಿ, ಮೇಲೆ ಒಬ್ಬರು ನಿಂತಿರಲೇಬೇಕು.

ದಿನದ ಬಳಕೆಗೆ 25% ಕ್ಲೋರಿನ್ ಇರೋ ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ ಸುಮಾರು 8 ಗ್ರಾಂ. ಬಕೆಟಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರು ಮಾತ್ರ ಸುರೀಬೇಕು, ಅರ್ಧ ಗಂಟೆ ಬಿಡಬೇಕು. ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ 0.2 ಪಿಪಿಎಂ ಇದ್ರೆ ಸರಿ. ಬಾಯಿ ತೆರೆದಿಟ್ಟ ಪೌಡರ್ ವಾಸನೆ ಮಾತ್ರ ಕೊಡುತ್ತೆ, ಕೆಲಸ ಮಾಡಲ್ಲ.

ಗೋಳಿಬಜೆ
ಟಿಡಿಎಸ್ ಮೀಟರ್ ಇಟ್ಟು ತೋರಿಸ್ತಾರಲ್ಲ, 120 ಉಂಟು, ಪ್ಯೂರ್ ಅಂತ?

ಸಂಪು_ಮುಚ್ಚಳ
ಟಿಡಿಎಸ್ ಲವಣ ಅಳೆಯುತ್ತೆ, ಕ್ರಿಮಿ ಅಲ್ಲ. ಮೋರಿ ನೀರು ಒಂದು ಲೋಟ ಬೆರೆಸಿದ್ರೂ ಅದರ ಕಾಟಾ ಅಲ್ಲಾಡೋದು ಅಪರೂಪ. ಲ್ಯಾಬಿಗೆ ಕೊಡುವಾಗ ಬ್ಯಾಕ್ಟೀರಿಯಾ ಪರೀಕ್ಷೆಗೆ ಅಂತ ಹೇಳಿ, ಅವರೇ ಕೊಡೋ ಸ್ಟೆರೈಲ್ ಬಾಟಲಿಯಲ್ಲಿ ತುಂಬಿಸಬೇಕು. ಬಿಸ್ಲೇರಿ ಬಾಟಲಿಯಲ್ಲಿ ಒಯ್ದ್ರೆ ಆ ಫಲಿತಾಂಶಕ್ಕೆ ಬೆಲೆ ಇಲ್ಲ.

ಸ್ಟೀಲ್‌ಲೋಟ
ಎಲ್ಲಾ ಸರಿ, ಪೊರಕೆ ವಿಷಯಕ್ಕೆ ಬನ್ನಿ. ಕಲ್ಲು ಕಾದಿರುತ್ತೆ, ಕ್ರಿಮಿ ಎಲ್ಲಿ ಉಳಿಯುತ್ತೆ?

ಕಾವಲಿ_ಕಲ್ಲು
ಕ್ರಿಮಿ ವಿಷಯದಲ್ಲಿ ನೀವು ಹೇಳೋದು ಮುಕ್ಕಾಲು ಪಾಲು ಸರಿ. ಕಲ್ಲು 180 ಡಿಗ್ರಿ ದಾಟಿರುತ್ತೆ. ತೊಂದರೆ ಬೇರೆ ಎರಡು. ಒಂದು, ಕಡ್ಡಿ. ತೆಂಗಿನ ಗರಿಯ ಕಡ್ಡಿ ಬಿಸಿಗೆ ಸುಟ್ಟು ತುದಿ ಮುರಿಯುತ್ತೆ, ದೋಸೆ ಗರಿ ಗರಿ ಅಂತ ಅಗಿಯುವಾಗ ಯಾವುದು ಕಡ್ಡಿ ಯಾವುದು ದೋಸೆ ಗೊತ್ತಾಗಲ್ಲ. ಎರಡು, ಆ ಪೊರಕೆ ಇರೋ ಬಕೆಟ್. ಬೆಳಗಿನ ನೀರೇ ಮಧ್ಯಾಹ್ನದವರೆಗೆ, ಹಿಟ್ಟಿನ ಚೂರು ಕರಿ ಎಲ್ಲಾ ಅದರಲ್ಲೇ. ಕೊನೇ ಸುತ್ತಿನಲ್ಲಿ ಉರಿ ಸಣ್ಣ ಮಾಡಿರ್ತಾರಲ್ಲ, ಆಗ ಆ ನೀರು ಎರಚಿದ್ರೆ ಏನೂ ಸಾಯಲ್ಲ.

ಬಿಡಲ್ಲ ಅನ್ನೋರು ಹೀಗೆ ಮಾಡಿ: ಹೊಸ ಪೊರಕೆ ತಂದು ಹತ್ತು ನಿಮಿಷ ನೀರಲ್ಲಿ ಕುದಿಸಿ, ಬಿಸಿಲಲ್ಲಿ ಒಣಗಿಸಿ, ಹಿಡಿಗೆ ಬಣ್ಣದ ಟೇಪ್ ಸುತ್ತಿ. ಇಲ್ಲದಿದ್ರೆ ನೆಲದ್ದು ಕಲ್ಲಿಗೆ, ಕಲ್ಲಿನದ್ದು ನೆಲಕ್ಕೆ ಹೋಗೋದು ಗ್ಯಾರಂಟಿ. ಬಕೆಟ್ ನೀರು ಗಂಟೆಗೊಮ್ಮೆ ಬದಲಾಯಿಸಿ. ರಾತ್ರಿ ನೇತುಹಾಕಿ, ನೀರಲ್ಲಿ ಬಿಡಬೇಡಿ. ವಾರಕ್ಕೊಂದು ಹೊಸದು. ಕಬ್ಬಿಣದ ನಾರು ಹಾಕಿ ಕಲ್ಲು ಉಜ್ಜೋದಕ್ಕಿಂತ ಇದೇ ವಾಸಿ. ಆ ತಂತಿ ಎಳೆ ಗಂಟಲಿಗೆ ಸಿಕ್ಕಿದ್ರೆ ಆಸ್ಪತ್ರೆಯೇ ಗತಿ. ಎಲ್ಲಕ್ಕಿಂತ ಒಳ್ಳೇದು ಅಗಲ ಸ್ಟೀಲ್ ಪಟ್ಟಿ, ನೀರು ಚಿಮುಕಿಸೋಕೆ ಮುಚ್ಚಳಕ್ಕೆ ತೂತು ಹಾಕಿದ ಡಬ್ಬಿ.

ಸ್ಟೀಲ್‌ಲೋಟ
ಆ ಡಬ್ಬಿಯಿಂದ "ಚುಯ್ಯ್" ಶಬ್ದ ಬರುತ್ತಾ?

ಕಾವಲಿ_ಕಲ್ಲು
ಬರುತ್ತೆ ಸಾರ್. ಶಬ್ದ ನೀರಿಂದು, ಪೊರಕೆದಲ್ಲ.

ಮಲ್ಲಿಗೆ_ಇಡ್ಲಿ
ಇಡ್ಲಿ ಪ್ಲಾಸ್ಟಿಕ್ ಇದೆಯಾ ನೋಡಿದ್ರಾ? 2025ರ ಫೆಬ್ರವರಿಯಲ್ಲಿ ಅಷ್ಟು ಗಲಾಟೆ ಆಯ್ತು, ಸರ್ಕಾರ ಇಡ್ಲಿ ಬೇಯಿಸೋಕೆ ಪ್ಲಾಸ್ಟಿಕ್ ಹಾಳೆ ಬೇಡ ಅಂತು. ಈಗಲೂ ಕೆಲವು ಕಡೆ ನಡೀತಿದೆ.

ಮೂರನೇ_ಟೇಬಲ್
ಇಲ್ಲಿ ಬಟ್ಟೆಯೇ. ಪ್ಲಾಸ್ಟಿಕ್ ಯಾವತ್ತೂ ಹಾಕಿಲ್ಲ.

ಕಾಯಿತುರಿ
ಬಟ್ಟೆ ಅಂದ ಮಾತ್ರಕ್ಕೆ ಖುಷಿಪಡಬೇಡಿ. ಹಿಟ್ಟು ಮೆತ್ತಿದ ಬಟ್ಟೆಯನ್ನ ತಕ್ಷಣ ತಣ್ಣೀರಲ್ಲಿ ಜಾಲಿಸಬೇಕು. ಬಿಸಿನೀರಿಗೆ ಮೊದಲೇ ಹಾಕಿದ್ರೆ ಹಿಟ್ಟು ಎಳೆಗೆ ಅಂಟಿಕೊಳ್ಳುತ್ತೆ. ಆಮೇಲೆ ಕುದಿಸಿ, ಬಿಸಿಲಿಗೆ ಹರಡಬೇಕು. ಮಡಚಿ ಒದ್ದೆಯಾಗಿ ಇಟ್ರೆ ಹುಳಿ ವಾಸನೆ, ಮೂಲೆಯಲ್ಲಿ ಕಪ್ಪು ಚುಕ್ಕಿ. ಚುಕ್ಕಿ ಬಂದ ಬಟ್ಟೆ ಎಸೆಯೋದೇ.

ಗಿರ್ಮಿಟ್
ಮತ್ತ ಗೋಬಿ ಮಂಚೂರಿ? ಅದಕ್ಕ ಕೆಂಪು ಬಣ್ಣ ಬಂದ್ ಮಾಡಿದ್ರಲ್ಲ.

ಶೆಡ್ಯೂಲ್_ನಾಲ್ಕು
2024ರ ಮಾರ್ಚಲ್ಲಿ. 171 ಗೋಬಿ ಮಾದರಿ ಪರೀಕ್ಷೆ ಮಾಡಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತ್ತು. ರೋಡಮೈನ್-ಬಿ ಅಂತೂ ಬಟ್ಟೆಗೆ ಹಾಕೋ ಬಣ್ಣ. ಅದೇ ಜೂನಲ್ಲಿ ಕಬಾಬ್‌ಗೂ ಕೃತಕ ಬಣ್ಣ ನಿಷೇಧ ಆಯ್ತು. ಆದರೆ ಈ ಹೋಟೆಲಲ್ಲಿ ಗೋಬಿ ಇಲ್ವಲ್ಲ, ಬಿಡಿ.

ಬೋಂಡಾ_ಬ್ರಿಗೇಡ್
ಎಣ್ಣೆ ಬಗ್ಗೆ ಹೇಳೋರು ಇಲ್ವಾ?

ಕಾವಲಿ_ಕಲ್ಲು
2018ರ ಜುಲೈ 1ರಿಂದ ನಿಯಮ ಇದೆ: ಎಣ್ಣೆಯ ಒಟ್ಟು ಧ್ರುವೀಯ ಸಂಯುಕ್ತ (ಮತ್ತೆ ಮತ್ತೆ ಕಾಯಿಸಿ ಎಣ್ಣೆ ಕೆಟ್ಟಾಗ ಹುಟ್ಟೋ ಅಂಶ) 25% ದಾಟಿದ್ರೆ ಬಳಸೋ ಹಾಗಿಲ್ಲ. ಅಳೆಯೋ ಮೀಟರ್ ಇರುತ್ತೆ, ಬಿಸಿ ಎಣ್ಣೆಗೆ ಅದ್ದಿದ್ರೆ ಸಂಖ್ಯೆ ಬರುತ್ತೆ. ಬಣ್ಣ ನೋಡಿ ಹೇಳೋದು ಮೋಸ, ಮೆಣಸಿನಕಾಯಿ ಬಜ್ಜಿ ಎರಡು ಸಲ ಕರಿದ್ರೂ ಕಪ್ಪಾಗುತ್ತೆ. ನಂಬಬೇಕಾದ ಗುರುತು: ಸಣ್ಣ ನೊರೆ ಎದ್ದು ಆರದೇ ಇರೋದು, ಮೊದಲಿಗಿಂತ ಬೇಗ ಹೊಗೆ ಬರೋದು, ಬಾಣಲೆ ಅಂಚಲ್ಲಿ ಗೋಂದಿನ ಹಾಗೆ ಅಂಟೋದು. ಹಳೇ ಎಣ್ಣೆಗೆ ಹೊಸದು ಸೇರಿಸಿದ್ರೆ ಹೊಸದೂ ಬೇಗ ಹಾಳು. ದಿನಾ ರಾತ್ರಿ ಬಟ್ಟೆಯಲ್ಲಿ ಸೋಸಿ ಹಿಟ್ಟಿನ ಕರಿ ತೆಗೆದ್ರೆ ಬಾಳಿಕೆ ಜಾಸ್ತಿ.

ಉಪ್ಪಿಟ್ಟು_ವಿರೋಧಿ
ಜಿರಲೆ ಬಗ್ಗೆ ನೋಟಿಸಲ್ಲಿ ಒಂದಕ್ಷರ ಇಲ್ಲ. ಅಂದ್ರೆ ಇಲ್ಲ ಅಂತಾನಾ?

ಬ್ಲೀಚು_ಬಕೆಟ್ಟು
ಹಗಲು ಬಂದು ನೋಡಿದ್ರೆ ಕಾಣಲ್ಲ. ಫ್ರಿಜ್ ಬಾಗಿಲಿನ ರಬ್ಬರ್ ಮಡಿಕೆ, ಮೋಟಾರ್ ಹಿಂದೆ, ಗ್ರೈಂಡರ್ ಸ್ವಿಚ್ ಬಾಕ್ಸ್, ಗ್ಯಾಸ್ ಒಲೆ ಕಾಲು, ಈ ನಾಲ್ಕು ಕಡೆ ಟಾರ್ಚ್ ಬಿಟ್ಟು ನೋಡಬೇಕು. ಕಾಳುಮೆಣಸಿನ ಪುಡಿ ಹಾಗೆ ಕಂಡ್ರೆ ಅದು ಹಿಕ್ಕೆ. ಜೆಲ್ ಔಷಧಿಯನ್ನ ಕಡ್ಡಿತಲೆಯಷ್ಟು ಚುಕ್ಕಿಯಾಗಿ ಸಂದಿಗಳಲ್ಲಿ ಇಡಬೇಕು. ಜಿಡ್ಡು ಮೊದಲು ತೊಳೆಯದಿದ್ರೆ ಅವು ಜೆಲ್ ಬಿಟ್ಟು ಜಿಡ್ಡನ್ನೇ ತಿಂತವೆ. ಜೆಲ್ ಇಟ್ಟ ಮೇಲೆ ಸ್ಪ್ರೇ ಹೊಡೆದ್ರೆ ಎರಡೂ ದಂಡ, ಆ ವಾಸನೆಗೆ ಅವು ಜೆಲ್ ಹತ್ರ ಸುಳಿಯಲ್ಲ.

ಗೋಳಿಬಜೆ
ಆ ಮೆಡಿಕಲ್ ಸರ್ಟಿಫಿಕೇಟ್ ಬರೀ ಕಾಗದ ಅಲ್ವಾ? ದುಡ್ಡು ಕೊಟ್ರೆ ಸಿಗ್ತದೆ.

ಥರ್ಮಾಮೀಟರ್_ಭಟ್ಟ
ವರ್ಷಕ್ಕೊಮ್ಮೆ ತಪಾಸಣೆ, ಟೈಫಾಯ್ಡ್ ಲಸಿಕೆ, ಅಷ್ಟು ನಿಯಮ. ಆದರೆ ಮಾರ್ಚಲ್ಲಿ ಪಾಸಾದ ಸಪ್ಲೈಯರ್‌ಗೆ ಜುಲೈನಲ್ಲಿ ಭೇದಿ ಬಂದ್ರೆ ಕಾಗದ ಏನು ಮಾಡುತ್ತೆ? ಆ ದಿನ ಸಂಬಳ ಕತ್ತರಿಸದೇ ರಜೆ ಕೊಟ್ರೆ ಮಾತ್ರ ಅವನು ಬಾಯಿ ಬಿಡ್ತಾನೆ. ಭೇದಿ ನಿಂತು ಎರಡು ದಿನ ಆಗೋವರೆಗೂ ಚಟ್ನಿ, ತಟ್ಟೆ ಮುಟ್ಟೋ ಹಾಗಿಲ್ಲ. ಕೈ ಕುಯ್ದುಕೊಂಡೋರದ್ದೂ ಇದೇ ಕತೆ. ಕೀವಾದ ಗಾಯದ ಸ್ಟೆಫಿಲೋಕಾಕಸ್ ಬಿಡೋ ವಿಷ ಕೂಡ ಬಿಸಿ ಮಾಡಿದ್ರೆ ಹೋಗಲ್ಲ, ತಿಂದ ಒಂದರಿಂದ ಆರು ಗಂಟೆಯಲ್ಲಿ ವಾಂತಿ.

ಕೈ ತೊಳೆಯೋ ಬೇಸಿನ್ ಬಗ್ಗೆ ನೋಟಿಸ್ ಏನೂ ಹೇಳಿಲ್ಲ, ಆದ್ರೂ ನೋಡಿ: ಅಡುಗೆಯವರಿಗೆ ಒಳಗೇ ಬೇರೆ ಬೇಸಿನ್ ಇದೆಯಾ, ಅದರ ಮೇಲೆ ಸೋಪು ಇದೆಯಾ, ಅದು ಒದ್ದೆ ಇದೆಯಾ. ಒಣಗಿ ಬಿರುಕು ಬಿಟ್ಟ ಸೋಪು ಎಲ್ಲಾ ಹೇಳಿಬಿಡುತ್ತೆ.

ಬೋಂಡಾ_ಬ್ರಿಗೇಡ್
ಗ್ಲೌಸ್ ಹಾಕಿದ್ರೆ ಮುಗೀತಲ್ಲ.

ಥರ್ಮಾಮೀಟರ್_ಭಟ್ಟ
ಅದೇ ಗ್ಲೌಸಲ್ಲಿ ಯುಪಿಐ ಮೊಬೈಲ್, ಅದೇ ಗ್ಲೌಸಲ್ಲಿ ವಡೆ.

ಲಾಲ್‌ಬಾಗ್_ಕ್ಯೂ
ವಿಷಯಾಂತರ. ಬೆಂಗಳೂರಿನ ಎಂಟಿಆರ್‌ನಲ್ಲಿ ಹಿಂದೆ ಗಿರಾಕಿಗಳು ಅಡುಗೆಮನೆ ನೋಡಿಕೊಂಡೇ ಊಟಕ್ಕೆ ಹೋಗ್ತಿದ್ರು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ ಬಂದ ಮೇಲೆ ಸ್ವಚ್ಛತೆಯನ್ನೇ ಹೋಟೆಲಿನ ಗುರುತು ಮಾಡಿದ್ರು. ಎಲ್ಲಾ ಹಳೇ ಹೋಟೆಲಿನವರೂ ಒಂದು ಗಾಜಿನ ಕಿಟಕಿ ಇಟ್ರೆ ಈ ಜಗಳ ಅರ್ಧ ಕಮ್ಮಿ.

ಉಪ್ಪಿಟ್ಟು_ವಿರೋಧಿ
ಕಿಟಕಿಯಲ್ಲಿ ಚಟ್ನಿಯ ಉಷ್ಣಾಂಶ ಕಾಣಲ್ಲ, ಮೇಲೆ ಭಟ್ಟರು ಹೇಳಿದ್ರಲ್ಲ.

ಶೆಡ್ಯೂಲ್_ನಾಲ್ಕು
ನೇರಳೆ ಬೋರ್ಡ್ ಅಂದ್ರೇನು ಅಂತ ಯಾರೂ ಕೇಳಲಿಲ್ಲ. ಹೋಟೆಲಿನ ಆಹಾರ ಸುರಕ್ಷತಾ ಬೋರ್ಡಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಗೊತ್ತುಮಾಡಿರೋ ಬಣ್ಣ ಅದು, ಗಿರಾಕಿಗೆ ಕಾಣೋ ಕಡೆ ಇರಬೇಕು. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಬಿಲ್ಲಿನ ಮೇಲೂ ಇರಬೇಕು, 2022ರ ಜನವರಿ 1ರಿಂದ ಕಡ್ಡಾಯ. ನಂಬರ್ 1ರಿಂದ ಶುರುವಾದ್ರೆ ಲೈಸೆನ್ಸ್, 2 ಆದ್ರೆ ಬರೀ ನೋಂದಣಿ. ನೋಂದಣಿ ಇರೋದು ಸಣ್ಣ ವಹಿವಾಟಿಗೆ. ಭಾನುವಾರ ಕ್ಯೂ ರಸ್ತೆಗೆ ಬರೋ ಹೋಟೆಲ್ 2ರ ನಂಬರ್ ತೋರಿಸ್ತಿದ್ರೆ ಅದೂ ಒಂದು ಪ್ರಶ್ನೆ.

ಮೂರನೇ_ಟೇಬಲ್
ಇಲ್ಲಿ 1ರಿಂದಲೇ ಶುರು, ನೋಡಿದೆ. ಎಲ್ಲರಿಗೂ ಥ್ಯಾಂಕ್ಸ್. ಪಲ್ಯ, ಚಟ್ನಿ, ಸಂಪು ಮೊದಲು, ಬಣ್ಣ ಕೊನೆಗೆ ಅಂತ ಚೀಟಿ ಬರೆದು ಮಾಲೀಕರಿಗೆ ಕೊಡ್ತೀನಿ. ಅವರು ಪೇಂಟರನ್ನ ಆಗಲೇ ಕರೆಸಿದಾರೆ. ಥರ್ಮಾಮೀಟರ್ ಯಾವುದು ತರಬೇಕು?

ಥರ್ಮಾಮೀಟರ್_ಭಟ್ಟ
ಚೂಪು ಕಡ್ಡಿ ಇರೋ ಡಿಜಿಟಲ್. ಹಣೆಗೆ ಹಿಡಿಯೋ ಗನ್ ಬೇಡ, ಅದು ಮೇಲ್ಮೈ ಮಾತ್ರ ಓದುತ್ತೆ. ತಂದ ದಿನ ಪುಡಿ ಐಸ್ ಕಲಸಿದ ನೀರಲ್ಲಿ ಅದ್ದಿ, 0 ತೋರಿಸಬೇಕು. ಕುದಿಯೋ ನೀರಲ್ಲೂ ನೋಡಿ. ಆದರೆ ಮೈಸೂರು ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯೋದೇ 97 ಚಿಲ್ಲರೆಗೆ. 100 ಬರ್ಲಿಲ್ಲ ಅಂತ ಅಂಗಡಿಗೆ ವಾಪಸ್ ಕೊಡಬೇಡಿ.